ಅಡುಗೆಮನೆಯಲ್ಲಿ ಬಿಟರ್: ನೀರಿನಿಂದ ಶುರುವಾದ ಪಾಠ

ಮ್ಯಾಂಚೆಸ್ಟರಿಗೆ ಬಂದು ನೆಲೆಸಿದ ಮೊದಲ ಚಳಿಗಾಲದಲ್ಲಿ ಸಹೋದ್ಯೋಗಿಯೊಬ್ಬರು ಪಬ್ಬಿನಲ್ಲಿ ಕೊಡಿಸಿದ ಬಿಟರ್ ಎಂಬ ಇಂಗ್ಲಿಷ್ ಬಿಯರನ್ನು ನಾನು ಅರ್ಧಕ್ಕೇ ಬಿಟ್ಟು ಎದ್ದು ಬಂದಿದ್ದೆ. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುವ, ಗಂಟಲನ್ನು ಚುಚ್ಚುವಷ್ಟು ಗ್ಯಾಸು ತುಂಬಿದ ಲಾಗರನ್ನು ಬೆಂಗಳೂರಿನಲ್ಲಿ ಕುಡಿದು ರೂಢಿಯಾದವನಿಗೆ, ನೆಲಮಾಳಿಗೆಯ 12 ಡಿಗ್ರಿ ತಂಪಿನಲ್ಲಿದ್ದ ಪೀಪಾಯಿಯಿಂದ ಕೈಪಂಪಿನಲ್ಲಿ ಎಳೆದುಕೊಟ್ಟ ಆ ತಾಮ್ರವರ್ಣದ ಪಾನೀಯ ಹಿಂದಿನ ದಿನವೇ ತೆರೆದಿಟ್ಟದ್ದರಂತೆ ತೋರಿತು. ಅದರಲ್ಲಿ ಗ್ಯಾಸು ಇಲ್ಲದಿರಲಿಲ್ಲ, ಲಾಗರಿನ ಸುಮಾರು ಅರ್ಧದಷ್ಟು ಇತ್ತು, ಮತ್ತು ಅದು ಹೊರಗಿನಿಂದ ತುಂಬಿದ್ದಲ್ಲ, ಪೀಪಾಯಿಯೊಳಗೆ ಇನ್ನೂ ಜೀವಂತವಾಗಿದ್ದ ಯೀಸ್ಟ್ ಉಂಟುಮಾಡಿದ್ದು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಎರಡು ವರ್ಷ ಕಳೆಯುವಷ್ಟರಲ್ಲಿ ಬೇರೇನನ್ನೂ ಕೇಳದಷ್ಟು ಅದಕ್ಕೆ ಒಗ್ಗಿಹೋಗಿದ್ದೆ. ಶೇಕಡಾ 3.7ರಷ್ಟು ಮಾತ್ರ ಮದ್ಯಾಂಶವಿರುವ, ಎರಡು ಪೈಂಟ್ ಕುಡಿದ ಮೇಲೂ ಮಾತಿನ ಎಳೆ ತಪ್ಪದ ಬಿಯರನ್ನು ಮನೆಯಲ್ಲೇ ಮಾಡಬೇಕೆಂಬ ಆಸೆ ಹುಟ್ಟಿದ್ದು ಆಗಲೇ.

ಕಾನೂನಿನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬ್ರಿಟನ್ನಿನಲ್ಲಿ ಮನೆಬಳಕೆಯ ಬಿಯರಿಗೂ ಹಿಂದೆ ಪರವಾನಗಿ ಬೇಕಿತ್ತು. 1963ರ ಬಜೆಟ್ಟಿನಲ್ಲಿ ಹಣಕಾಸು ಸಚಿವ ರೆಜಿನಾಲ್ಡ್ ಮೌಡ್ಲಿಂಗ್ ಅದನ್ನು ತೆಗೆದುಹಾಕಿದರು. ಅಂದಿನಿಂದ ಮಾರದೆ ತಾನೂ ತನ್ನವರೂ ಕುಡಿಯುವವರೆಗೆ ಯಾರ ಅಪ್ಪಣೆಯೂ ಬೇಕಿಲ್ಲ. ಕರ್ನಾಟಕದಲ್ಲಿ ಹಾಗಿಲ್ಲ. 1965ರ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆದ್ದರಿಂದ ಇದನ್ನು ಇಲ್ಲಿನ ಅಡುಗೆಮನೆಯ ಕಥೆಯಾಗಿಯೇ ಓದಬೇಕು.

ಸಲಕರಣೆಗೆ ನಾನು ಹೆಚ್ಚು ಖರ್ಚು ಮಾಡಲಿಲ್ಲ. ಪಿಕ್‌ನಿಕ್ಕಿಗೆ ಒಯ್ಯುವ ದೊಡ್ಡ ಐಸ್ ಪೆಟ್ಟಿಗೆಗೆ ನಲ್ಲಿ ಕೂರಿಸಿ, ಒಳಗೆ ಸಣ್ಣ ಸಣ್ಣ ಸೀಳುಗಳುಳ್ಳ ತಾಮ್ರದ ಕೊಳವೆ ಹಾಸಿದೆ. 33 ಲೀಟರಿನ ವಿದ್ಯುತ್ ಬಾಯ್ಲರ್, ಮುಚ್ಚಳವಿರುವ 25 ಲೀಟರಿನ ಪ್ಲಾಸ್ಟಿಕ್ ಬಕೆಟ್, ಸುರುಳಿ ಸುತ್ತಿದ ಹತ್ತು ಮೀಟರ್ ತಾಮ್ರದ ಪೈಪು, ರಸದಲ್ಲಿ ಸಕ್ಕರೆ ಎಷ್ಟಿದೆಯೆಂದು ಸಾಂದ್ರತೆಯಿಂದ ತಿಳಿಸುವ ಒಂದು ಹೈಡ್ರೋಮೀಟರ್, ಒಂದು ಒಳ್ಳೆಯ ಥರ್ಮಾಮೀಟರ್. ಇಷ್ಟೇ.

ಮೊದಲ ಸಲ ಮಾಡಿದ್ದನ್ನು ಪಕ್ಕದ ಮನೆಯ ಹಿರಿಯರಿಗೆ ಕೊಟ್ಟೆ. ಅವರು ಎಪ್ಪತ್ತರ ದಶಕದಿಂದ ಮನೆಯಲ್ಲೇ ಬಿಯರ್ ಮಾಡುತ್ತ ಬಂದವರು. ಒಂದು ಗುಟುಕು ಕುಡಿದು, ಲೋಟವನ್ನು ಮೆಲ್ಲಗೆ ಕೆಳಗಿಟ್ಟು, "ನಲ್ಲಿ ನೀರನ್ನು ಹಾಗೆಯೇ ಬಳಸಿದಿರೇನು?" ಎಂದು ಕೇಳಿದರು. ಹೌದೆಂದೆ. ಬಾಯಿಯಲ್ಲಿ ಉಳಿದದ್ದು ಗಾಯಕ್ಕೆ ಹಚ್ಚುವ ಔಷಧಿಯ ರುಚಿ, ಆಸ್ಪತ್ರೆಯ ನೆಲ ಒರೆಸಿದ ವಾಸನೆ. ನೀರನ್ನು ಶುದ್ಧವಾಗಿಡಲು ಬೆರೆಸುವ ಕ್ಲೋರಿನ್, ಮಾಲ್ಟಿನಲ್ಲಿಯೂ ಹುದುಗುವಾಗಲೂ ಬರುವ ಫೀನಾಲ್‌ಗಳ ಜೊತೆ ಸೇರಿ ಕ್ಲೋರೋಫೀನಾಲ್ ಆಗುತ್ತದೆ, ಮತ್ತು ಅದು ಕೂದಲೆಳೆಯಷ್ಟಿದ್ದರೂ ನಾಲಿಗೆಗೆ ಗೊತ್ತಾಗಿಬಿಡುತ್ತದೆ. ಕುಡಿಯುವಾಗ ಯಾವ ದೋಷವೂ ಕಾಣದ ನೀರೇ ಬಿಯರನ್ನು ಕೆಡಿಸಬಲ್ಲದೆಂದು ನಾನು ಊಹಿಸಿರಲಿಲ್ಲ. ಪರಿಹಾರ ತೀರ ಸುಲಭದ್ದು. ಹಿಂದಿನ ರಾತ್ರಿ 30 ಲೀಟರ್ ನೀರು ಹಿಡಿದು ಅದರಲ್ಲಿ ಅರ್ಧ ಕ್ಯಾಂಪ್ಡೆನ್ ಮಾತ್ರೆಯನ್ನು ಪುಡಿಮಾಡಿ ಕಲಕಿದರೆ, ಅದರೊಳಗಿನ ಮೆಟಾಬೈಸಲ್ಫೈಟ್ ಕೆಲವೇ ನಿಮಿಷಗಳಲ್ಲಿ ಕ್ಲೋರಿನ್ನನ್ನೂ ಕ್ಲೋರಮಿನ್ನನ್ನೂ ಮುಗಿಸಿಬಿಡುತ್ತದೆ. ಆ 40 ಬಾಟಲಿಗಳನ್ನು ಸಿಂಕಿಗೆ ಸುರಿಯುವಾಗ ನನ್ನ ಹೆಂಡತಿ ಏನೂ ಹೇಳಲಿಲ್ಲ. ಅದೇ ಹೆಚ್ಚು ನೋವಾಯಿತು.

ನೀರಿನ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಮ್ಯಾಂಚೆಸ್ಟರಿಗೆ ಲೇಕ್ ಡಿಸ್ಟ್ರಿಕ್ಟಿನ ಥರ್ಲ್‌ಮಿಯರ್ ಕೆರೆಯ ನೀರು 1894ರಿಂದ ಹರಿದುಬರುತ್ತಿದೆ. ಅದು ಬಹಳ ಮೃದು, ನಮ್ಮ ಕೆಟಲಿನ ತಳದಲ್ಲಿ ಬಿಳಿಯ ಪದರವೇ ಕೂರುವುದಿಲ್ಲ. ಚಹಾಕ್ಕೆ ಇದಕ್ಕಿಂತ ಒಳ್ಳೆಯ ನೀರಿಲ್ಲ, ಆದರೆ ಬಿಟರಿಗೆ ಇದು ಸಪ್ಪೆ. ಬಿಟರಿನ ಪೂರ್ವಜನಾದ ಪೇಲ್ ಏಲ್ ಹೆಸರು ಮಾಡಿದ್ದು ಬರ್ಟನ್ ಆನ್ ಟ್ರೆಂಟ್ ಊರಿನಲ್ಲಿ. 1820ರ ದಶಕದಿಂದ ಇಂಡಿಯಾಕ್ಕೆ ಹಡಗೇರಿದ ಬಿಯರೂ ಅಲ್ಲಿಂದಲೇ ಬಂದದ್ದು. ಆ ಊರಿನ ಬಾವಿಗಳು ಜಿಪ್ಸಮ್, ಅಂದರೆ ಕ್ಯಾಲ್ಸಿಯಮ್ ಸಲ್ಫೇಟ್ ಖನಿಜದ ಪದರಗಳ ಮೂಲಕ ಇಳಿದ ನೀರಿನವು, ಆದ್ದರಿಂದ ಅದರಲ್ಲಿ ಸಲ್ಫೇಟ್ ಹೇರಳ. ಸಲ್ಫೇಟ್ ಇದ್ದಲ್ಲಿ ಹಾಪ್ಸ್ ಹೂವಿನ ಕಹಿ ನಾಲಿಗೆಯ ಮೇಲೆ ಎಳೆದಾಡದೆ ಚೊಕ್ಕವಾಗಿ ಬಂದು ಚೊಕ್ಕವಾಗಿ ಹೋಗುತ್ತದೆ. ಜಿಪ್ಸಮ್ಮಿನ ಕ್ಯಾಲ್ಸಿಯಮ್ ಮಾಲ್ಟ್ ನೆನೆಯುವ ನೀರಿನ ಆಮ್ಲತೆಯನ್ನು ಸರಿಯಾದ ಮಟ್ಟಕ್ಕೆ ತರುತ್ತದೆ, ಕೊನೆಯಲ್ಲಿ ಯೀಸ್ಟ್ ತಳ ಸೇರಿ ತಿಳಿಯಾಗಲೂ ನೆರವಾಗುತ್ತದೆ. ನಾನು 30 ಲೀಟರಿಗೆ 7 ಗ್ರಾಂ ಜಿಪ್ಸಮ್ ಹಾಕುತ್ತೇನೆ. ಬರ್ಟನ್ನಿನ ಮಟ್ಟಕ್ಕೆ ಹೋಲಿಸಿದರೆ ಇದು ಏನೂ ಅಲ್ಲ, ಆದರೂ ಹಾಕಿದ್ದಕ್ಕೂ ಹಾಕದ್ದಕ್ಕೂ ಇರುವ ವ್ಯತ್ಯಾಸ, ಉಪ್ಪು ಹಾಕಿದ ಸಾರಿಗೂ ಮರೆತ ಸಾರಿಗೂ ಇರುವಷ್ಟಿದೆ.

ಈಗ ಸಾಮಗ್ರಿ. ಬಕೆಟ್ಟಿಗೆ 23 ಲೀಟರ್ ಬರುವಂತೆ 3.7 ಕಿಲೋ ಮಾರಿಸ್ ಆಟರ್ ಪೇಲ್ ಮಾಲ್ಟ್, ಬಣ್ಣಕ್ಕೂ ಸಿಹಿಗೂ 200 ಗ್ರಾಂ ಕ್ರಿಸ್ಟಲ್ ಮಾಲ್ಟ್. ಮಾರಿಸ್ ಆಟರ್ ಕೇಂಬ್ರಿಜಿನ ಸಸ್ಯತಳಿ ಸಂಸ್ಥೆಯಲ್ಲಿ ರೂಪುಗೊಂಡು ಅರುವತ್ತರ ದಶಕದಲ್ಲಿ ಬಂದ ಚಳಿಗಾಲದ ಬಾರ್ಲಿ ತಳಿ. ಹೊಸ ತಳಿಗಳಿಗಿಂತ ಇಳುವರಿ ಕಡಿಮೆಯಾದರೂ, ಬಿಸ್ಕತ್ತಿನಂಥ ಅದರ ರುಚಿಗಾಗಿ ಬಿಟರ್ ಮಾಡುವವರು ಹೆಚ್ಚು ಬೆಲೆ ಕೊಟ್ಟು ಕೊಳ್ಳುತ್ತಾರೆ. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಬೀಸಿ ಮಗುವಿಗೆ ಮಾಲ್ಟ್ ಮಾಡಿದ ಮನೆಯವರಿಗೆ ಬಾರ್ಲಿಯ ಮಾಲ್ಟನ್ನು ಬೇರೆ ವಿವರಿಸಬೇಕಿಲ್ಲ. ಕೆಲಸ ಒಂದೇ, ಆದರೆ ಇಲ್ಲಿ ಅದನ್ನು ಹಿಟ್ಟು ಮಾಡಬಾರದು. ಕಾಳು ಒಡೆದು ನುಚ್ಚಾಗಬೇಕು, ಹೊಟ್ಟು ಹರಿಯದೆ ಉಳಿಯಬೇಕು, ಏಕೆಂದರೆ ಮುಂದೆ ಬಸಿಯುವಾಗ ಆ ಹೊಟ್ಟೇ ಜರಡಿ.

ಪೆಟ್ಟಿಗೆಯಲ್ಲಿ 74 ಡಿಗ್ರಿಯ 10 ಲೀಟರ್ ನೀರಿಗೆ ನುಚ್ಚನ್ನು ಸುರಿದು ಗಂಟಾಗದಂತೆ ಕಲಕಿದರೆ, ಉಷ್ಣಾಂಶ 66 ಅಥವಾ 67ಕ್ಕೆ ಬಂದು ನಿಲ್ಲುತ್ತದೆ. ಮುಚ್ಚಳ ಹಾಕಿ ಒಂದು ಗಂಟೆ ಬಿಡಬೇಕು. ಈ ಒಂದು ಗಂಟೆಯಲ್ಲಿ ಮಾಲ್ಟಿನಲ್ಲೇ ಇರುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಕತ್ತರಿಸುತ್ತವೆ. 63ರ ಆಸುಪಾಸಿನಲ್ಲಿ ಯೀಸ್ಟ್ ಪೂರ್ತಿ ತಿನ್ನಬಲ್ಲ ಸಕ್ಕರೆ ಹೆಚ್ಚಾಗಿ ಬಿಯರ್ ತೆಳುವಾಗುತ್ತದೆ, 70ರ ಹತ್ತಿರ ಹೋದರೆ ತಿನ್ನಲಾಗದ ಸಕ್ಕರೆ ಉಳಿದು ದಪ್ಪವಾಗುತ್ತದೆ. ಮದ್ಯಾಂಶ ಕಡಿಮೆಯಿರುವ ಬಿಟರ್ ನೀರುನೀರಾಗಿ ಅನಿಸಬಾರದೆಂದೇ ಈ ನಡುವಿನ ಉಷ್ಣಾಂಶ. ಮನೆಯೆಲ್ಲ ಹಾರ್ಲಿಕ್ಸಿನ ಪರಿಮಳ ತುಂಬುತ್ತದೆ. ಒಂದು ಗಂಟೆಯಾದ ಮೇಲೆ ಬಿಳಿಯ ತಟ್ಟೆಯ ಮೇಲೆ ಒಂದು ಚಮಚ ರಸ ಹಾಕಿ, ಅದಕ್ಕೆ ಒಂದು ಹನಿ ಅಯೋಡಿನ್ ಬಿಡುತ್ತೇನೆ. ಆರಂಭದಲ್ಲೇ ಹೀಗೆ ನೋಡಿದ್ದರೆ ಹನಿ ಮುಟ್ಟಿದಲ್ಲಿ ಮಸಿ ಚೆಲ್ಲಿದಂತೆ ಕಪ್ಪುನೀಲಿ ಹರಡುತ್ತಿತ್ತು. ಈಗ ಅಯೋಡಿನ್ನಿನ ಕೆಂಗಂದು ಬಣ್ಣ ಹಾಗೆಯೇ ನಿಂತರೆ ಪಿಷ್ಟ ಮುಗಿದಿದೆ ಎಂದರ್ಥ. ಅನುಭವ ಇದ್ದವರು ಈ ಪರೀಕ್ಷೆ ಬೇಕಿಲ್ಲ ಎನ್ನುತ್ತಾರೆ. ಬೇಕಿಲ್ಲದಿದ್ದರೂ ಮಾಡುತ್ತೇನೆ, ನೋಡಲು ಸೊಗಸು. ತಟ್ಟೆಯ ರಸವನ್ನು ಮಾತ್ರ ಮರಳಿ ಪಾತ್ರೆಗೆ ಸುರಿಯಬಾರದು.

ಬಸಿಯುವುದರಲ್ಲಿ ಅವಸರ ಸಲ್ಲದು. ಮೊದಲು ಬಂದ ಕದಡಿದ ಎರಡು ಲೀಟರನ್ನು ಹೊಟ್ಟಿನ ಮೇಲೆಯೇ ಮೆಲ್ಲಗೆ ಹುಯ್ದು, ತಿಳಿಯಾಗಿ ಬರಲಾರಂಭಿಸಿದ ಮೇಲೆ ಬಾಯ್ಲರಿಗೆ ಹರಿಯಬಿಡಬೇಕು. ಆಮೇಲೆ 78 ಡಿಗ್ರಿಯ ನೀರನ್ನು ಎರೆಯುತ್ತ ಉಳಿದ ಸಕ್ಕರೆಯನ್ನು ತೊಳೆದುಕೊಳ್ಳಬೇಕು. ಒಟ್ಟು 27 ಲೀಟರ್ ಆದಾಗ ನಿಲ್ಲಿಸಿ ಕುದಿಯಲು ಇಡುತ್ತೇನೆ. ಕುದಿ ಬರುವ ಕ್ಷಣದಲ್ಲಿ ಹಾಲಿನ ಪಾತ್ರೆಯ ಮುಂದೆ ನಿಂತಷ್ಟೇ ಎಚ್ಚರದಿಂದ ನಿಲ್ಲಬೇಕು. ಒಮ್ಮೆ ಫೋನ್ ಬಂತೆಂದು ಕದಲಿದ್ದಕ್ಕೆ ಒಲೆಯ ಹಿಂದಿನ ಗೋಡೆಯನ್ನು ಎರಡು ದಿನ ಉಜ್ಜಿದ್ದೇನೆ.

ಹಾಪ್ಸ್ ಎಂದರೆ ಒಂದು ಬಳ್ಳಿಯ ಹೆಣ್ಣು ಹೂವು. ಈಸ್ಟ್ ಕೆಂಟ್ ಗೋಲ್ಡಿಂಗ್ಸ್ ಹೂಗಳನ್ನು ಅಂಗೈಯಲ್ಲಿ ತಿಕ್ಕಿದರೆ ಹಳದಿಯ ಅಂಟುಪುಡಿ ಹತ್ತಿಕೊಳ್ಳುತ್ತದೆ. ಅದರ ವಾಸನೆ ನನಗೆ ಮೊದಲ ಸಲವೇ ದವನವನ್ನು ನೆನಪಿಸಿತು, ಹಿಂದೆಯೇ ಸ್ವಲ್ಪ ಜೇನು, ಸ್ವಲ್ಪ ಒಣಹುಲ್ಲು. ಫಗಲ್ಸ್ ಅದಕ್ಕಿಂತ ಮಣ್ಣಿನ ವಾಸನೆಯದು. ಕುದಿಯ ಆರಂಭದಲ್ಲಿ 45 ಗ್ರಾಂ ಗೋಲ್ಡಿಂಗ್ಸ್, ಮುಗಿಯಲು 15 ನಿಮಿಷವಿರುವಾಗ 20 ಗ್ರಾಂ ಫಗಲ್ಸ್, ಬಾಯ್ಲರ್ ಆರಿಸಿದಾಗ ಮತ್ತೆ 25 ಗ್ರಾಂ ಗೋಲ್ಡಿಂಗ್ಸ್. ಒಂದು ಗಂಟೆ ಕುದಿದದ್ದು ಕಹಿಯನ್ನು ಕೊಡುತ್ತದೆ, ಕೊನೆಯಲ್ಲಿ ಬಿದ್ದದ್ದು ಪರಿಮಳವನ್ನು. ಕೊನೆಯ ಹತ್ತು ನಿಮಿಷಕ್ಕೆ ಒಂದು ಚಿಟಿಕೆ ಐರಿಷ್ ಮಾಸ್, ಅಂದರೆ ಒಣಗಿಸಿದ ಕಡಲಪಾಚಿ, ಹಾಕಿದರೆ ಪ್ರೋಟೀನು ಗಂಟುಗಂಟಾಗಿ ಕೂಡಿಕೊಂಡು ತಳಕ್ಕೆ ಹೋಗುತ್ತದೆ.

ನನ್ನ ಎರಡನೆಯ ತಪ್ಪು ನಡೆದದ್ದು ಇಲ್ಲಿಯೇ. ಔಷಧಿಯ ರುಚಿಯಿಂದ ಪಾರಾದ ಹುಮ್ಮಸ್ಸಿನಲ್ಲಿ, ಹೆಚ್ಚು ಹಾಕಿದರೆ ಹೆಚ್ಚು ರುಚಿ ಎಂಬ ಭಾವನೆಯಿಂದ, ಕ್ರಿಸ್ಟಲ್ ಮಾಲ್ಟನ್ನು ಅರ್ಧ ಕಿಲೋಗೆ ಏರಿಸಿದೆ, ಹಾಪ್ಸನ್ನು ಇಮ್ಮಡಿ ಮಾಡಿದೆ. ಬಂದದ್ದು ಬೆಲ್ಲ ಸುರಿದ ಹಾಗಲಕಾಯಿ ಗೊಜ್ಜು, ಅದೂ ಕಹಿ ಒಂದು ಕಡೆ, ಸಿಹಿ ಒಂದು ಕಡೆ ನಿಂತು ಜಗಳವಾಡುವ ಗೊಜ್ಜು. ಮದ್ಯಾಂಶ ಹೆಚ್ಚಿರುವ ಬಿಯರುಗಳು ಇಂಥ ಭಾರವನ್ನು ಹೇಗೋ ಹೊರುತ್ತವೆ. ಬಿಟರಿನ ಬೆನ್ನು ಸಣ್ಣದು. ಒಂದನೆಯ ಮಹಾಯುದ್ಧದ ಧಾನ್ಯದ ಕೊರತೆ ಮತ್ತು ತೆರಿಗೆಗಳಿಂದ ಇಂಗ್ಲೆಂಡಿನ ಬಿಯರ್ ತೆಳುವಾದದ್ದು ಮತ್ತೆಂದೂ ಹಳೆಯ ಮಟ್ಟಕ್ಕೆ ಮರಳಲಿಲ್ಲ, ಅದರಲ್ಲೇ ರುಚಿ ಹಿಡಿಯುವುದನ್ನು ಇಲ್ಲಿನವರು ಕಲಿತರು. ಆಮೇಲಿನ ಪ್ರತಿ ಬಾರಿಯೂ ನಾನು ಏನಾದರೊಂದನ್ನು ಕಡಿಮೆ ಮಾಡಿದ್ದೇನೆ, ಪ್ರತಿ ಬಾರಿಯೂ ಬಿಯರ್ ಉತ್ತಮವಾಗಿದೆ.

ಕುದಿದ ರಸವನ್ನು ತಾಮ್ರದ ಸುರುಳಿಯಲ್ಲಿ ತಣ್ಣೀರು ಹರಿಸಿ 20 ಡಿಗ್ರಿಗೆ ಇಳಿಸಲು ಸುಮಾರು ಅರ್ಧ ಗಂಟೆ ಬೇಕು. ಇಲ್ಲಿಂದ ಮುಂದೆ ರಸವನ್ನು ಮುಟ್ಟುವ ಪ್ರತಿಯೊಂದು ವಸ್ತುವೂ ಸೋಂಕುನಿವಾರಕದಲ್ಲಿ ಮುಳುಗಿ ಎದ್ದಿರಬೇಕು. ಹೈಡ್ರೋಮೀಟರ್ 1.038 ತೋರಿಸಿದರೆ ಸಮಾಧಾನ. ಬಕೆಟ್ಟಿಗೆ ಎತ್ತರದಿಂದ ಸುರಿದು ಗಾಳಿ ಬೆರೆಸಿ, 11.5 ಗ್ರಾಮಿನ ಒಂದು ಪೊಟ್ಟಣ ಸೇಫೇಲ್ ಎಸ್-04 ಯೀಸ್ಟನ್ನು ಮೇಲೆ ಉದುರಿಸುತ್ತೇನೆ. ಬಕೆಟ್ಟಿನ ಜಾಗ ಮೆಟ್ಟಿಲ ಕೆಳಗಿನ ಗೂಡು. ಅಲ್ಲಿ ವರ್ಷದ ಬಹುಕಾಲ 18ರಿಂದ 19 ಡಿಗ್ರಿ ಇರುತ್ತದೆ. ಮರುದಿನ ಬೆಳಿಗ್ಗೆ ಮುಚ್ಚಳ ಸರಿಸಿದರೆ ರಾತ್ರಿ ಹುದುಗಿದ ದೋಸೆಹಿಟ್ಟಿನಂತೆ ಉಬ್ಬಿದ ಕೆನೆಬಣ್ಣದ ನೊರೆ, ಅದರ ಮೇಲೆ ಹಾಪ್ಸಿನ ಕಂದು ಕಲೆಗಳು, ಮೂಗಿಗೆ ಸೇಬಿನ ವಾಸನೆ. ನಾಲ್ಕೈದು ದಿನಗಳಲ್ಲಿ ನೊರೆ ಕುಸಿಯುತ್ತದೆ. ಆಗಲೇ ಬಾಟಲಿಗೆ ತುಂಬುವ ಆತುರ ಬೇಡ. ಯೀಸ್ಟ್ ತಾನು ಬಿಟ್ಟ ಬೆಣ್ಣೆಯಂಥ ರುಚಿಯನ್ನು ತಾನೇ ಮರಳಿ ಎಳೆದುಕೊಳ್ಳಲು ಇನ್ನೂ ಕೆಲವು ದಿನ ಕೊಡಬೇಕು. ಎರಡು ವಾರಕ್ಕೆ 1.010ರ ಹತ್ತಿರ ಬಂದು, ಮೂರು ದಿನ ಅಲ್ಲಿಂದ ಕದಲದಿದ್ದರೆ ಹುದುಗು ಮುಗಿದಂತೆ.

ಬಾಟಲಿಯೊಳಗೆ ಯೀಸ್ಟ್ ಗ್ಯಾಸು ಹುಟ್ಟಿಸಲು ಲೀಟರಿಗೆ 3 ಗ್ರಾಮಿನಂತೆ ಸಕ್ಕರೆ ಸಾಕು. ಲಾಗರಿನ ಲೆಕ್ಕವನ್ನು ಕಣ್ಣು ಮುಚ್ಚಿ ಅನುಸರಿಸಿ 7 ಗ್ರಾಂ ಹಾಕಿದ ಮೂರನೆಯ ಸಲದ ಬಾಟಲಿಗಳು ತೆರೆದ ಕೂಡಲೇ ಚಿಮ್ಮಿ, ತಳದ ಗಸಿಯನ್ನೆಲ್ಲ ಎಬ್ಬಿಸಿ, ಅರ್ಧ ಲೋಟ ನೊರೆ ಮಾತ್ರ ಉಳಿಸಿದವು. ಅಷ್ಟು ಗ್ಯಾಸಿನಲ್ಲಿ ಮಾಲ್ಟಿನ ರುಚಿಯೇ ಮುಚ್ಚಿಹೋಗುತ್ತದೆ ಎಂಬುದೂ ಆಗಲೇ ತಿಳಿಯಿತು. ಪಬ್ಬಿನಲ್ಲಿ ನಾನು ಹಳಸಿದ್ದೆಂದು ಬಗೆದದ್ದು ಇದಕ್ಕಾಗಿಯೇ ಹಾಗಿತ್ತು. ಬಾಟಲಿ ಕಂದು ಬಣ್ಣದ್ದೇ ಆಗಬೇಕು, ಬೆಳಕು ತಗುಲಿದರೆ ಹಾಪ್ಸಿನ ಕಹಿಯಿಂದ ನಾರುವ ಗಂಧಕದ ವಾಸನೆ ಹುಟ್ಟುತ್ತದೆ.

ಇತ್ತೀಚೆಗೆ ಅರ್ಧದಷ್ಟನ್ನು 10 ಲೀಟರಿನ ಪಾಲಿಪಿನ್ನಿಗೆ ತುಂಬುತ್ತಿದ್ದೇನೆ. ಇದು ರಟ್ಟಿನ ಪೆಟ್ಟಿಗೆಯೊಳಗಿನ ಮೆತ್ತನೆಯ ಪ್ಲಾಸ್ಟಿಕ್ ಚೀಲ. ಬಿಯರ್ ಎಳೆದಂತೆಲ್ಲ ಕುಗ್ಗುತ್ತದೆ, ಒಳಗೆ ಗಾಳಿ ಹೋಗುವುದಿಲ್ಲ, ಹೀಗಾಗಿ ಪೀಪಾಯಿಯ ಬಿಟರಿಗೆ ತೀರ ಹತ್ತಿರದ್ದು ಇದರಿಂದಲೇ ಸಿಗುತ್ತದೆ. ಮೊದಲ ವಾರ ಉಬ್ಬಿದಾಗ ನಲ್ಲಿ ಮೇಲಾಗಿಸಿ ಗ್ಯಾಸನ್ನು ಸ್ವಲ್ಪ ಬಿಡಬೇಕು. ನವೆಂಬರಿನಿಂದ ಮಾರ್ಚಿನವರೆಗೆ ಹಿತ್ತಿಲ ಷೆಡ್ಡಿನಲ್ಲಿ 10ರಿಂದ 12 ಡಿಗ್ರಿ ತಾನಾಗಿಯೇ ಸಿಗುವ ದಿನಗಳನ್ನು ನೋಡಿಕೊಂಡು ಅಲ್ಲಿಡುತ್ತೇನೆ. ಹಿಮ ಬೀಳುವ ರಾತ್ರಿ ಅದರ ಮೇಲೆ ಹಳೆಯ ಕಂಬಳಿ. ಹನ್ನೊಂದನೆಯ ಸಲದ್ದನ್ನು ಪಕ್ಕದ ಮನೆಯವರು ಒಂದು ಪೈಂಟ್ ಮುಗಿಸಿ, ಕೇಳದೆಯೇ ಲೋಟವನ್ನು ಮತ್ತೆ ಮುಂದೆ ಚಾಚಿದರು. ಹನ್ನೆರಡನೆಯದರಲ್ಲಿ ಕ್ರಿಸ್ಟಲ್ ಮಾಲ್ಟನ್ನು 150 ಗ್ರಾಮಿಗೆ ಇಳಿಸಿದ್ದೇನೆ. ಅದು ಈಗ ಮೆಟ್ಟಿಲ ಕೆಳಗಿದೆ, ನಿನ್ನೆ ಸಂಜೆಗೆ 1.014.