ಕಿಡ್ನಿ ಕಾಯಿಲೆಯವರ ತಟ್ಟೆಗೆ ಬೇಳೆಯನ್ನು ವಾಪಸ್ ತಂದಿದ್ದು: ನನ್ನ ಅನುಭವ

ಮಂಡ್ಯ ಕಡೆಯ ಆಸ್ಪತ್ರೆಯೊಂದರಲ್ಲಿ ನಾನು ಡಯಟಿಷಿಯನ್. ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನ ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕೆಟ್ಟವರು. ಬರುವ ಹೊತ್ತಿಗೆ ಬೇಳೆ, ಕಾಳು, ಮೊಟ್ಟೆ, ಹಾಲು ಎಲ್ಲ ಬಿಟ್ಟಿರುತ್ತಾರೆ. "ಪ್ರೋಟೀನ್ ಮುಟ್ಕೂಡ್ದು ಅಂದವ್ರೆ ಮೇಡಂ" ಅನ್ನುತ್ತಾರೆ. ಅನ್ನ, ತಿಳಿಸಾರು, ಒಂದು ತುಂಡು ಬೆಂದ ತರಕಾರಿ, ಅಷ್ಟೇ ಊಟ.

ಕ್ರಿಯಾಟಿನಿನ್ (ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಕಸ) ರಿಪೋರ್ಟ್ ಬಿಚ್ಚುವ ಮೊದಲು ನಾನು ಅವರ ರಟ್ಟೆಗೆ ಟೇಪ್ ಸುತ್ತಿ ಸುತ್ತಳತೆ ಬರೆದುಕೊಳ್ಳುತ್ತೇನೆ. ಇದಕ್ಕೆ ಕಾರಣ ಇದೆ. ಕ್ರಿಯಾಟಿನಿನ್ ಹುಟ್ಟುವುದೇ ಸ್ನಾಯುವಿನಿಂದ. ಸ್ನಾಯು ಕರಗಿದರೆ ಆ ನಂಬರ್ ತಾನಾಗಿ ಇಳಿಯುತ್ತದೆ. ಮನೆಯವರು "ಕಡಿಮೆ ಆಗಿದೆ" ಅಂತ ಖುಷಿಪಡುತ್ತಾರೆ. ರೋಗಿ ಮಾತ್ರ ಕುರ್ಚಿಯಿಂದ ಕೈಯೂರದೆ ಏಳಲಾರದ ಸ್ಥಿತಿಯಲ್ಲಿರುತ್ತಾರೆ.

ಪ್ರೋಟೀನ್ ಅಂದರೆ ಅಮೈನೊ ಆಮ್ಲಗಳು ಸೇರಿ ಆದದ್ದು. ಅವುಗಳಲ್ಲಿ 9 ಊಟದಿಂದಲೇ ಬರಬೇಕು, ದೇಹ ಮಾಡಿಕೊಳ್ಳಲಾರದು. ಲೈಸಿನ್, ಮೆಥಿಯೊನಿನ್ ಆ 9ರಲ್ಲಿ ಎರಡು. ಅಕ್ಕಿ, ರಾಗಿಯಲ್ಲಿ ಲೈಸಿನ್ ಕಡಿಮೆ. ತೊಗರಿ, ಹುರುಳಿ, ಅವರೆಯಲ್ಲಿ ಲೈಸಿನ್ ಬೇಕಾದಷ್ಟಿದೆ, ಮೆಥಿಯೊನಿನ್ ಸಾಲದು. ಒಂದೇ ಒಂದು ಸಾಲದೇ ಬಂದರೂ ಸಾಕು, ಉಳಿದವು ಪೂರ್ತಿ ಉಪಯೋಗಕ್ಕೆ ಬರುವುದಿಲ್ಲ. ಬುಟ್ಟಿ ತುಂಬ ಮಲ್ಲಿಗೆ ಇದ್ದರೂ ಬಾಳೆನಾರು ಮುಗಿದರೆ ಮಾಲೆ ಅಲ್ಲಿಗೇ ನಿಲ್ಲುತ್ತದಲ್ವಾ, ಹಾಗೆ. ಮಿಕ್ಕ ಅಮೈನೊ ಆಮ್ಲಗಳನ್ನು ದೇಹ ಉರಿಸಿಬಿಡುತ್ತದೆ. ಅವುಗಳ ಸಾರಜನಕ ಲಿವರ್‌ನಲ್ಲಿ ಯೂರಿಯಾ ಆಗುತ್ತದೆ. ಆ ಯೂರಿಯಾ ಹೊರಹಾಕಬೇಕಾದದ್ದು ಮೊದಲೇ ಸೋತ ಕಿಡ್ನಿ. ಅಂದರೆ ಬೇಳೆ ಬಿಟ್ಟು ಬರೀ ಅನ್ನ ತಿಂದವರ ಊಟದಲ್ಲಿ ಪ್ರೋಟೀನ್ ಕಡಿಮೆ ಅನ್ನುವುದು ನಿಜ, ಆದರೆ ಆ ಇರುವ ಸ್ವಲ್ಪವೂ ಪೂರ್ತಿಯಾಗಿ ಮೈಗೆ ಹತ್ತುವುದಿಲ್ಲ. ಇನ್ನೊಂದು ವಿಷಯವೂ ಇದೆ. ಫೀನೈಲ್ ಅಲನಿನ್ ಅನ್ನುವ ಅಮೈನೊ ಆಮ್ಲವನ್ನು ಟೈರೊಸಿನ್ ಮಾಡುವ ಕೆಲಸದಲ್ಲಿ ಕಿಡ್ನಿಗೂ ಪಾಲಿದೆ. ಕಿಡ್ನಿ ಕೆಟ್ಟವರಲ್ಲಿ ಅದೂ ಕುಂಟುತ್ತದೆ. ಹಾಗಾಗಿ ಇವರಿಗೆ ಒಳ್ಳೆ ಗುಣಮಟ್ಟದ ಪ್ರೋಟೀನ್ ಬೇರೆಯವರಿಗಿಂತ ಮುಖ್ಯ.

ಈಗ ನಾನು ಮಾಡುವ ಕೆಲಸ ಹೇಳುತ್ತೇನೆ. ಸಕ್ಕರೆ ಕಾಯಿಲೆ ಇದ್ದು, ಡಯಾಲಿಸಿಸ್ ಇನ್ನೂ ಶುರುವಾಗದವರಿಗೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.6ರಿಂದ 0.8 ಗ್ರಾಂ ಪ್ರೋಟೀನ್ ಲೆಕ್ಕ ಹಿಡಿಯುತ್ತೇನೆ. 60 ಕಿಲೋ ತೂಗುವವರಿಗೆ 36ರಿಂದ 48 ಗ್ರಾಂ. ಇದನ್ನು ಗ್ರಾಂನಲ್ಲಿ ಹೇಳಿದರೆ ಯಾರಿಗೂ ಪ್ರಯೋಜನವಿಲ್ಲ. ಅದಕ್ಕೆ ಮೇಜಿನ ಮೇಲೆ ತಕ್ಕಡಿ, ರಾಗಿ ಹಿಟ್ಟು, ಬೇಳೆ ಇಟ್ಟುಕೊಂಡಿದ್ದೇನೆ. ಅಡುಗೆ ಮಾಡುವವರ ಕೈಯಲ್ಲೇ ಅಳೆಸುತ್ತೇನೆ. "ಅಮ್ಮ, ನೀವು ದಿನಾ ಹಾಕೋ ಹಿಟ್ಟು ತೆಗೀರಿ" ಅಂದರೆ ಅವರ ಹಿಡಿ ಎಷ್ಟು ಅಂತ ಗೊತ್ತಾಗುತ್ತದೆ. ದಿನಕ್ಕೆ 100 ಗ್ರಾಂ ರಾಗಿ ಹಿಟ್ಟಿನ ಮುದ್ದೆ, 150 ಗ್ರಾಂ ಅಕ್ಕಿ, 40 ಗ್ರಾಂ ತೊಗರಿಬೇಳೆ, ಕಾಲು ಲೀಟರ್ ಹಾಲು ಮೊಸರು ಸೇರಿ, ಒಂದು ಮೊಟ್ಟೆಯ ಬಿಳಿಭಾಗ, ಸ್ವಲ್ಪ ತರಕಾರಿ. ಕೂಡಿದರೆ 42 ಗ್ರಾಂ ಆಸುಪಾಸು ಬರುತ್ತದೆ. ಇದು ಎಲ್ಲರಿಗೂ ಕೊಡುವ ಚೀಟಿಯಲ್ಲ. ರಕ್ತದಲ್ಲಿ ಪೊಟ್ಯಾಸಿಯಂ, ರಂಜಕ (ಫಾಸ್ಫರಸ್) ಏರಿದ್ದರೆ ರಾಗಿ ಇಳಿಸಿ ಅಕ್ಕಿ ಏರಿಸುತ್ತೇನೆ. ರಿಪೋರ್ಟ್ ನೋಡದೆ ಯಾರೂ ಇದನ್ನು ಮನೆಯಲ್ಲಿ ಶುರು ಮಾಡಬಾರದು.

ಬೇಳೆ ತಿನ್ನುತ್ತೇನೆ ಅನ್ನುವವರಿಗೂ ಒಂದು ಪ್ರಶ್ನೆ ಕೇಳುತ್ತೇನೆ, ಸೌಟು ಮೇಲಿಂದ ಹಾಕ್ತೀರೋ ತಳದಿಂದಲೋ ಅಂತ. ತಿಳಿಸಾರು ಬಡಿಸಿದರೆ ಪ್ರೋಟೀನ್ ಪಾತ್ರೆಯ ತಳದಲ್ಲೇ ಉಳಿಯುತ್ತದೆ. ನಮ್ಮ ಕಡೆಯ ಬಸ್ಸಾರಿನ ಕಥೆ ಇನ್ನೂ ಮುಖ್ಯ. ಸೊಪ್ಪು ಕಾಳು ಬೇಯಿಸಿ ಬಸಿದ ಕಟ್ಟಿನಲ್ಲಿ ಸಾರು, ಬೆಂದ ಕಾಳಿನಲ್ಲಿ ಪಲ್ಯ. ಬೇಯಿಸಿದ ನೀರಿಗೆ ಪೊಟ್ಯಾಸಿಯಂ ಇಳಿದಿರುತ್ತದೆ. ಪ್ರೋಟೀನ್ ಬಹುಪಾಲು ಕಾಳಿನಲ್ಲೇ ಇರುತ್ತದೆ. ಮನೆಯವರು ಪಾಪ, ಕಾಳು ಬೇಡ ಅಂದಿದ್ದಾರೆ ಅಂತ ಪಲ್ಯ ತಪ್ಪಿಸಿ ಸಾರು ಬಡಿಸುತ್ತಿರುತ್ತಾರೆ. ಪೊಟ್ಯಾಸಿಯಂ ಜಾಸ್ತಿ ಇರುವವರಿಗೆ ನಾನು ಇದನ್ನು ತಿರುಗಿಸಿ ಕೊಡುತ್ತೇನೆ. ಕಾಳು ನೆನೆಸಿದ ನೀರು, ಬಸಿದ ಕಟ್ಟು ಎರಡೂ ಬೇಡ. ಅಳೆದ ಪಲ್ಯ ತಿನ್ನಲಿ.

ಹೊಟ್ಟೆ ತುಂಬುವಷ್ಟು ಊಟವೂ ಬೇಕು. ಶಕ್ತಿ ಸಾಲದಿದ್ದರೆ ತಿಂದ ಪ್ರೋಟೀನನ್ನೇ ದೇಹ ಸೌದೆ ಮಾಡಿಕೊಳ್ಳುತ್ತದೆ. ಅದಕ್ಕೆ ಒಗ್ಗರಣೆ ಎಣ್ಣೆ ಕಡಿಮೆ ಮಾಡಬೇಡಿ ಅನ್ನುತ್ತೇನೆ. ಸಕ್ಕರೆ ಕಾಯಿಲೆಯವರಿಗೆ ಈ ಮಾತು ನಂಬುವುದೇ ಕಷ್ಟ.

ರಕ್ತದ ಬೈಕಾರ್ಬನೇಟ್, ಅಂದರೆ ಆಮ್ಲವನ್ನು ತಣಿಸುವ ಕ್ಷಾರ, ಅದನ್ನೂ ನೋಡುತ್ತೇನೆ. ಮೆಥಿಯೊನಿನ್, ಸಿಸ್ಟೀನ್‌ನಲ್ಲಿ ಗಂಧಕ ಇದೆ. ಅದು ದೇಹದಲ್ಲಿ ಆಮ್ಲವಾಗುತ್ತದೆ. ಕಿಡ್ನಿ ಅದನ್ನು ಹೊರಹಾಕದಿದ್ದರೆ ಸ್ನಾಯು ಕರಗುವುದು ಜಾಸ್ತಿಯಾಗುತ್ತದೆ. ಬೈಕಾರ್ಬನೇಟ್ ಇಳಿದಿದ್ದರೆ ಡಾಕ್ಟರಿಗೆ ಹೇಳುತ್ತೇನೆ, ಅವರು ಸೋಡಾ ಮಾತ್ರೆ ಕೊಡುತ್ತಾರೆ. ಬರೀ ಊಟದಿಂದ ಸ್ನಾಯು ಉಳಿಸಲಾಗದ ಜಾಗ ಇದು.

ಡಯಾಲಿಸಿಸ್ ಶುರುವಾದರೆ ಲೆಕ್ಕ ತಲೆಕೆಳಗು. ಪ್ರತಿ ಸಲ ಸುಮಾರು 6ರಿಂದ 12 ಗ್ರಾಂ ಅಮೈನೊ ಆಮ್ಲ ಸೋಸುವ ನೀರಿನ ಜೊತೆ ಹೊರಟುಹೋಗುತ್ತದೆ. ಆಗ ಕಿಲೋಗೆ 1ರಿಂದ 1.2 ಗ್ರಾಂ ಬೇಕು. 60 ಕಿಲೋದವರಿಗೆ 60ರಿಂದ 72 ಗ್ರಾಂ. ಆದರೂ ಎಷ್ಟೋ ಜನ ಹಳೇ ಪಥ್ಯವನ್ನೇ ಹಿಡಿದುಕೊಂಡಿರುತ್ತಾರೆ. ಬಿಡಿ ಅಂತ ಹೇಳಿದವರು ಮತ್ತೆ ತಿನ್ನಿ ಅಂತ ಹೇಳಿರುವುದಿಲ್ಲ. ಇದನ್ನು ಕಂಡಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ಡಯಾಲಿಸಿಸ್ ಶುರುವಾದವರ ಕೈಯಿಂದ ಹಳೇ ಚೀಟಿ ವಾಪಸ್ ಇಸ್ಕೊಂಡು ಹೊಸದನ್ನು ಕೊಡುತ್ತೇನೆ. ಮೊಟ್ಟೆಯ ಬಿಳಿಭಾಗ, ಮೀನು ಅಥವಾ ಕೋಳಿ ಏರಿಸುತ್ತೇನೆ. ಮಾಂಸ ತಿನ್ನದವರಿಗೆ ಮನೆಯಲ್ಲಿ ಒಡೆದ ಪನೀರ್ ಮತ್ತು ಅಳತೆಯ ಬೇಳೆ, ಜೊತೆಗೆ ಡಾಕ್ಟರ್ ಬರೆದ ರಂಜಕ ಹಿಡಿಯುವ ಮಾತ್ರೆ ಊಟದ ಜೊತೆಗೇ. ತಿಂಗಳಿಗೊಮ್ಮೆ ಆಲ್ಬುಮಿನ್ (ರಕ್ತದಲ್ಲಿರುವ ಒಂದು ಪ್ರೋಟೀನ್), ಪೊಟ್ಯಾಸಿಯಂ, ರಂಜಕ ಮತ್ತು ರಟ್ಟೆಯ ಅಳತೆ ಒಂದೇ ಪುಟದಲ್ಲಿ ಬರೆಯುತ್ತೇವೆ. ಆ ಪುಟ ಅವರ ಫೈಲಿನಲ್ಲೇ ಇರುತ್ತದೆ, ಯಾವ ಆಸ್ಪತ್ರೆಗೆ ಹೋದರೂ ತೋರಿಸಲಿ ಅಂತ.