ಗಿಟಾರಿನಲ್ಲಿ ನಿಮ್ಮದೇ ಧಾಟಿ ಹಿಡಿಯುವುದು ಹೇಗೆ?

ನಾಲ್ಕು ಜನರೆದುರು ಗಿಟಾರ್ ಎತ್ತಿಕೊಳ್ಳಲು ಅಂಜಿಕೆಯೇ? ಮೊದಲು ಎಡಗೈ ನೋಡಿಕೊಳ್ಳಿ. ಸಿ ಕಾರ್ಡ್ (ಕೆಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಬೆರಳಿನ ಹಿಡಿತ) ಹಿಡಿದು, ದಪ್ಪ ಆರನೇ ತಂತಿ ಬಿಟ್ಟು ಉಳಿದವನ್ನು ಒಂದೊಂದಾಗಿ ಮೀಟಿ. ಕರಕರ ಎಂದರೆ ಬೆರಳು ಫ್ರೆಟ್‌ನಿಂದ (ಗಿಟಾರಿನ ಕುತ್ತಿಗೆಯ ಮೇಲಿನ ಲೋಹದ ಪಟ್ಟಿ) ದೂರ ಕೂತಿದೆ. ಪಟ್ಟಿಯ ಬೆನ್ನಿಗೇ ಒತ್ತಿ. ಸದ್ದೇ ಇಲ್ಲವೆಂದರೆ ಪಕ್ಕದ ಬೆರಳು ತಾಗುತ್ತಿದೆ. ಉಗುರು ಕತ್ತರಿಸಿ, ಬೆರಳನ್ನು ತುದಿಯ ಮೇಲೆ ನಿಲ್ಲಿಸಿ.

ಮುಂದೆ ಎ ಮೈನರ್ ಕಾರ್ಡ್. ಇಲ್ಲಿ ಕದಲುವುದು ಉಂಗುರ ಬೆರಳೊಂದೇ: ಐದನೇ ತಂತಿಯ ಮೂರನೇ ಮನೆಯಿಂದ (ಎರಡು ಪಟ್ಟಿಗಳ ನಡುವಿನ ಜಾಗವೇ ಮನೆ) ಮೂರನೇ ತಂತಿಯ ಎರಡನೇ ಮನೆಗೆ. ಲಯ ಎಣಿಸುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಏಟಿಗೆ ಇಟ್ಟು, ನಾಲ್ಕು ನಾಲ್ಕು ಏಟಿಗೆ ಬದಲಿಸಿ. ತಡವರಿಸಿದರೆ 50ಕ್ಕೆ ಇಳಿಸಿ. ನಿಲ್ಲಿಸಿ ಸರಿಪಡಿಸುವ ಅಭ್ಯಾಸ ಮಾತ್ರ ಬೇಡ, ಜನರೆದುರು ಕೈಕೊಡುವುದು ಅದೇ.

ಈ ಎರಡು ಕಾರ್ಡ್‌ಗಳನ್ನೇ ಆರಿಸಿದ್ದಕ್ಕೆ ಕಾರಣವಿದೆ. ಸಿ ಸ್ವರವನ್ನು ಷಡ್ಜ (ಸ) ಮಾಡಿಕೊಂಡರೆ ಮೋಹನ ರಾಗ ಸಿ, ಡಿ, ಇ, ಜಿ, ಎ. ಎರಡೂ ಕಾರ್ಡ್‌ಗಳ ಸ್ವರಗಳು ಇದರೊಳಗೇ ಇವೆ. ಜಿ ಕಾರ್ಡ್ ಹಾಕಿದರೆ ಮೋಹನದಲ್ಲಿಲ್ಲದ ನಿಷಾದ (ನಿ), ಎಫ್ ಹಾಕಿದರೆ ಮಧ್ಯಮ (ಮ) ನುಸುಳಿ ರಾಗ ಕೆಡುತ್ತದೆ. ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆಯ ಭಜನಾ ಮಂದಿರಗಳಲ್ಲಿ ಕೇಳಿ ಬೆಳೆದ ಕಿವಿ ಇದನ್ನು ತಟ್ಟನೆ ಹಿಡಿಯುತ್ತದೆ. ಆ ಕಿವಿಯೇ ನಿಮ್ಮ ಬಂಡವಾಳ. ಬಾಯಿಪಾಠವಿರುವ ಒಂದು ಮೋಹನದ ಭಜನೆ ಆರಿಸಿ, ಮೊದಲು ಹಾಡಿ, ಆಮೇಲೆ ತಂತಿಯಲ್ಲಿ ಹುಡುಕಿ. ಸ್ವರದಿಂದ ಸ್ವರಕ್ಕೆ ಬೆರಳು ಎತ್ತದೆ ಜಾರಿಸಿ. ಗಮಕದ (ಸ್ವರವನ್ನು ಬಳುಕಿಸುವ ರೀತಿ) ಛಾಯೆ ಅಲ್ಲಿಂದಲೇ ಬರುತ್ತದೆ.

ಹಾಡುವವರ ಶ್ರುತಿ ಕಪ್ಪು ಒಂದಾದರೆ (ಹಾರ್ಮೋನಿಯಂನ ಸಿ ಪಕ್ಕದ ಕಪ್ಪು ಮನೆ) ಕೇಪೋ, ಅಂದರೆ ಎಲ್ಲ ತಂತಿಗಳನ್ನೂ ಒತ್ತಿ ಶ್ರುತಿ ಏರಿಸುವ ಕ್ಲಿಪ್, ಮೊದಲ ಫ್ರೆಟ್‌ಗೆ, ಕಪ್ಪು ಎರಡಾದರೆ ಮೂರನೆಯದಕ್ಕೆ ಹಾಕಿ. ಬೆರಳಿನ ಹಿಡಿತ ಬದಲಾಗದು.

ತಾಳ ತಪ್ಪುವುದು ಹೆಚ್ಚಾಗಿ ಏಳು ಎಣಿಕೆಯ (ಮೂರು, ನಾಲ್ಕು) ಮಿಶ್ರಛಾಪು ತಾಳದಲ್ಲಿ. ನಾಲ್ಕರ ರೂಢಿಯಿದ್ದ ಬಲಗೈ ಏಳಕ್ಕೆ ಎಂಟನೆಯದನ್ನು ಸೇರಿಸಿಬಿಡುತ್ತದೆ. 'ತಕಿಟ ತಕಧಿಮಿ' ಗಟ್ಟಿಯಾಗಿ ಹೇಳುತ್ತಾ, ಮೊದಲ 'ತ'ಕ್ಕೆ ಹೆಬ್ಬೆರಳಿನಿಂದ ಐದನೇ ತಂತಿ, ಎರಡನೇ 'ತ' ಮತ್ತು 'ಧಿ'ಗೆ ಸಪೂರ ತಂತಿಗಳನ್ನು ಮೀಟಿ.

ನಮ್ಮ ಮಳೆಗಾಲದಲ್ಲಿ ಸ್ಟೀಲ್ ತಂತಿ ಬೇಗ ತುಕ್ಕು ಹಿಡಿದು ಶ್ರುತಿ ನಿಲ್ಲುವುದಿಲ್ಲ. ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಿಂದ ಒರೆಸಿ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ.

ಭಜನೆಗೆ ಮೊದಲ ಸಲ ಕೂರುವಾಗ ಹಾರ್ಮೋನಿಯಂನವರ ಪಕ್ಕ ಕೂತು ಸಿ ಕಾರ್ಡ್ ಒಂದನ್ನೇ ತಾಳಕ್ಕೆ ಸರಿಯಾಗಿ ನುಡಿಸಿ. ಎ ಮೈನರ್ ಮುಂದಿನ ವಾರಕ್ಕಿರಲಿ.