ಹತ್ತು ಸಾವಿರದೊಳಗೆ ಒಂದು ಸ್ವಿಚ್ ಲೈಟ್ ಗೇಮ್ ಕನ್ಸೋಲ್: ನಾನು ನೋಡಿ ಕೊಂಡ ಬಗೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಹಗಲಿಡೀ ಮದುವೆ ಕಾಗದ, ಜಾತ್ರೆಯ ನೋಟೀಸು, ಶಾಲೆಯ ಪ್ರಶ್ನೆಪತ್ರಿಕೆ. ರಾತ್ರಿ ಊಟವಾದ ಮೇಲೆ ಒಂದು ಗಂಟೆ ಗೇಮ್ ಆಡುವುದು ನನಗೆ ಬಲು ಇಷ್ಟ. ಟಿವಿಗೆ ಜೋಡಿಸುವ ಕನ್ಸೋಲ್ ನಮ್ಮ ಮನೆಗೆ ಹೊಂದದು. ಆ ಹೊತ್ತಿನ ಟಿವಿ ಅಮ್ಮನ ಧಾರಾವಾಹಿಗೆ, ಮಳೆಗಾಲ ಬಂತೆಂದರೆ ಕರೆಂಟಿನ ಭರವಸೆಯೂ ಇಲ್ಲ. ಹಾಗಾಗಿ ಕೈಯಲ್ಲಿ ಹಿಡಿದು ಆಡುವಂಥದ್ದೇ ಬೇಕಿತ್ತು. ಒಟ್ಟು ತೆಗೆದಿಟ್ಟದ್ದು 13,000 ರೂಪಾಯಿ. ಅದರಲ್ಲಿ ಕನ್ಸೋಲಿಗೆ 10,000 ಮೀರಬಾರದು, ಉಳಿದದ್ದು ಮೆಮೊರಿ ಕಾರ್ಡ್, ಕವರ್, ರಿಪೇರಿಗೆ ಎಂದು ಮೊದಲೇ ಗೆರೆ ಎಳೆದುಕೊಂಡೆ. ರಿಫರ್ಬಿಶ್ಡ್, ಅಂದರೆ ಬಳಸಿದ್ದನ್ನು ಸರಿಮಾಡಿ ಮತ್ತೆ ಮಾರುವ ಸಾಮಾನು ಕೊಳ್ಳುವಾಗ ಈ ಗೆರೆ ತುಂಬ ಮುಖ್ಯ. ಇದ್ದ ದುಡ್ಡನ್ನೆಲ್ಲ ಕನ್ಸೋಲಿಗೇ ಸುರಿದರೆ, ತಿಂಗಳೊಳಗೆ ಒಂದು ಬಟನ್ ಕೈಕೊಟ್ಟರೂ ಅದು ಕಪಾಟು ಸೇರುತ್ತದೆ.

ಯಾವ ಕನ್ಸೋಲ್ ಎಂದು ತೀರ್ಮಾನಿಸಲು ನಾನು ಕೇಳಿಕೊಂಡ ಪ್ರಶ್ನೆ ಒಂದೇ. ಇದು ಸಾಮಾನ್ಯವಾಗಿ ಎಲ್ಲಿ ಕೆಡುತ್ತದೆ, ಕೆಟ್ಟರೆ ನಮ್ಮ ಕಡೆಯ ಮೊಬೈಲ್ ರಿಪೇರಿಯವರ ಕೈಯಲ್ಲಿ ಆಗುತ್ತದಾ?

ಸೋನಿಯ ಕೈಕನ್ಸೋಲ್ ಪಿಎಸ್‌ಪಿ ಮೇಲೆ ನನಗೆ ಹಳೆಯ ಪ್ರೀತಿ. ಆದರೆ ಅದು 2004ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಯಂತ್ರ. 2008ರ 3000 ಮಾಡೆಲ್ ಸಿಕ್ಕಿದರೂ ಒಳಗಿನ ಅಸಲಿ ಬ್ಯಾಟರಿ ಅಷ್ಟೇ ಹಳತು, ಉಬ್ಬಿಕೊಂಡು ಹಿಂದಿನ ಮುಚ್ಚಳವನ್ನೇ ಎತ್ತುತ್ತದೆ. ಅದರ ನಂತರ ಬಂದ ವೀಟಾ ಕೈಗೆ ಹಿತ, ಆದರೆ ಅದಕ್ಕೆ ಸೋನಿಯ ಸ್ವಂತ ನಮೂನೆಯ ಮೆಮೊರಿ ಕಾರ್ಡೇ ಆಗಬೇಕು. ತಯಾರಿಕೆ 2019ರಲ್ಲೇ ನಿಂತಿದೆ, ಕಾರ್ಡಿನ ಬೆಲೆ ಕೇಳಿದರೆ ಬೇಡವೆನಿಸುತ್ತದೆ. ಪಿಸಿ ಗೇಮ್ ಆಡುವ ಕೈಕನ್ಸೋಲ್ ಸ್ಟೀಮ್ ಡೆಕ್ ನನ್ನ ಬಜೆಟ್ಟಿನ ಹತ್ತಿರವೂ ಸುಳಿಯಲಿಲ್ಲ. ಉಳಿದದ್ದು ನಿಂಟೆಂಡೊ ಸ್ವಿಚ್ ಲೈಟ್. 2019ರ ಸೆಪ್ಟೆಂಬರಿನಲ್ಲಿ ಬಂದದ್ದು, 275 ಗ್ರಾಂ ತೂಕ, 5.5 ಇಂಚಿನ ಪರದೆ, ಸಾಮಾನ್ಯ ಮೈಕ್ರೋ ಎಸ್‌ಡಿ ಕಾರ್ಡ್, ಟೈಪ್ ಸಿ ಚಾರ್ಜಿಂಗ್. ಟಿವಿಗೆ ಜೋಡಿಸಲು ಬರುವುದಿಲ್ಲ, ನನಗದು ಬೇಕೂ ಇಲ್ಲ. ಇದರ ಎಲ್ಲರಿಗೂ ಗೊತ್ತಿರುವ ಕಾಯಿಲೆ ಅನಲಾಗ್ ಸ್ಟಿಕ್ಕಿನದು, ಅಂದರೆ ಪಾತ್ರವನ್ನು ನಡೆಸಲು ಹೆಬ್ಬೆರಳಿನಿಂದ ತಿರುಗಿಸುವ ಗುಬ್ಬಿಯದು. ಕೈ ಬಿಟ್ಟರೂ ಪಾತ್ರ ತಾನಾಗಿ ಒಂದು ಕಡೆಗೆ ನಡೆಯುತ್ತಲೇ ಇರುತ್ತದೆ. ಆ ಕಾಯಿಲೆಗೆ ಮದ್ದಿದೆ, ಬಿಡಿಭಾಗ ಆನ್‌ಲೈನಿನಲ್ಲಿ ಸಿಗುತ್ತದೆ. ಗೊತ್ತಿರುವ ಕಾಯಿಲೆಯ ಯಂತ್ರವೇ ವಾಸಿ ಎಂಬುದು ನನ್ನ ಖಚಿತ ಅಭಿಪ್ರಾಯ.

ನಿಂಟೆಂಡೊ ನಮ್ಮ ದೇಶದಲ್ಲಿ ಅಧಿಕೃತವಾಗಿ ಸ್ವಿಚ್ ಮಾರುವುದಿಲ್ಲ. ಕಾಸರಗೋಡಿನಲ್ಲಿ ನಾನು ನೋಡಿದವೆಲ್ಲ ಗಲ್ಫಿನವರ ಬ್ಯಾಗಿನಲ್ಲಿ ಮಂಗಳೂರು ಇಲ್ಲವೇ ಕಣ್ಣೂರು ವಿಮಾನ ನಿಲ್ದಾಣದಲ್ಲಿ ಇಳಿದಂಥವು. ಶಾರ್ಜಾದಲ್ಲಿರುವ ಭಾವನನ್ನೂ ಕೇಳಿದೆ. "ಇಲ್ಲಿ ಅಗ್ಗಕ್ಕೆ ಸಿಗ್ತದೆ, ಆದ್ರೆ ಒಳ್ಳೇದಾ ಕೆಟ್ಟದಾ ನೋಡ್ಲಿಕ್ಕೆ ನಂಗೆ ಗೊತ್ತಾಗುದಿಲ್ಲ ಮಾರಾಯ" ಎಂದರು. ಅದು ಸರಿಯಾದ ಮಾತು. ಒಂದೆರಡು ಸಾವಿರ ಉಳಿಯುತ್ತದೆಂದು ಕಣ್ಣಿಗೆ ಬೀಳದ ಸಾಮಾನನ್ನು ಸಮುದ್ರದಾಚೆಯಿಂದ ತರಿಸುವುದಕ್ಕಿಂತ, ಇಲ್ಲೇ ಕೈಯಲ್ಲಿ ಹಿಡಿದು ನೋಡಿ ಕೊಳ್ಳುವುದೇ ಮೇಲೆಂದು ನಿಶ್ಚಯಿಸಿದೆ.

ಅಂಗಡಿಗಳಲ್ಲಿ ರಿಫರ್ಬಿಶ್ಡ್ ಎಂಬ ಚೀಟಿ ಯಾವುದಕ್ಕೂ ಅಂಟುತ್ತದೆ. ಕಂಪನಿಯೇ ಬಿಚ್ಚಿ ಸರಿಮಾಡಿ ಮಾರುವುದೂ ಅದೇ, ಸ್ಪಿರಿಟ್ಟಿನಲ್ಲಿ ಒರೆಸಿ ಹೊಸ ಡಬ್ಬಿಯಲ್ಲಿ ಇಟ್ಟದ್ದೂ ಅದೇ. ಹಾಗಾಗಿ ನಾನು ಎಲ್ಲ ಕಡೆ ಮೊದಲು ಕೇಳಿದ್ದು, "ಇದರಲ್ಲಿ ಏನೇನು ಬದಲಿಸಿದ್ದೀರಿ?" ಎಂದು. "ಎಲ್ಲ ಪಕ್ಕಾ ಇದೆ, ನೀವು ಆಡಿ ನೋಡಿ" ಎಂಬ ಉತ್ತರ ಬಂದಲ್ಲೆಲ್ಲ ಎದ್ದು ಬಂದೆ. ಒಂದು ಅಂಗಡಿಯಲ್ಲಿ ಕೇಳುವ ಮೊದಲೇ "ಚಿಪ್ ಹಾಕಿದ್ದು, ನೂರಾರು ಗೇಮ್ ತುಂಬಿಸಿ ಕೊಡ್ತೇವೆ" ಎಂದರು. ಕಳ್ಳ ಪ್ರತಿಯ ಗೇಮ್ ಓಡಿಸುವ ಉಪಾಯ ಅದು. ಲೈಟಿನಲ್ಲಿ ಹಾಗೆ ಮಾಡಬೇಕಾದರೆ ಬೋರ್ಡ್ ಬಿಚ್ಚಿ ಸೂಕ್ಷ್ಮ ಜಾಗದಲ್ಲಿ ಚಿಪ್ ಬೆಸೆಯಬೇಕು. ಬೆಸುಗೆ ಕೆಟ್ಟರೆ ಬೋರ್ಡೇ ಹೋಗುತ್ತದೆ, ಆನ್‌ಲೈನ್ ಸೇವೆಯಿಂದ ನಿಂಟೆಂಡೊ ನಿಷೇಧಿಸುವ ಅಪಾಯವೂ ಇದೆ. ಗೇಮ್ ಮಾಡಿದವರ ದುಡಿಮೆಗೆ ಮೋಸ ಎಂಬುದು ಬೇರೆ. ಆ ಕಡೆ ತಲೆ ಹಾಕಬೇಡಿ.

ಕೊನೆಗೆ ಕಾಸರಗೋಡು ಹೊಸ ಬಸ್‌ಸ್ಟ್ಯಾಂಡಿನ ಹತ್ತಿರ ಒಬ್ಬ ಹುಡುಗ ನೇರವಾಗಿ ಹೇಳಿದ: "ಎಡದ ಸ್ಟಿಕ್ ಹೊಸದು ಹಾಕಿದ್ದೇನೆ ಅಣ್ಣ. ಬಲದ್ದು ಹಳೆಯದೇ. ಬ್ಯಾಟರಿ ಮುಟ್ಟಿಲ್ಲ." ಅಲ್ಲೇ ಕುರ್ಚಿ ಎಳೆದು ಕೂತೆ.

ಆನ್ ಮಾಡುವ ಮೊದಲೇ ನೋಡಬೇಕಾದದ್ದಿದೆ. ಹಿಂಬದಿಯ ಮೂಲೆಗಳಲ್ಲಿ ಮೂರು ಕವಲಿನ ಸ್ಕ್ರೂಗಳಿವೆ. ಮೊಬೈಲಿನ ಟಾರ್ಚ್ ಹಾಕಿ ಅವುಗಳ ತಲೆ ನೋಡಿದೆ. ಕವಲುಗಳ ಅಂಚು ಚೂಪಾಗಿದ್ದರೆ ಸರಿಯಾದ ಸ್ಕ್ರೂಡ್ರೈವರಿನಲ್ಲಿ ಬಿಚ್ಚಿದ್ದಾರೆ. ಉರುಟಾಗಿ ಸವೆದಿದ್ದರೆ ಸಿಕ್ಕಿದ್ದರಲ್ಲಿ ತಿರುಗಿಸಿದ್ದಾರೆ, ಒಳಗೂ ಅದೇ ಕೈಗುಣ ಇರುತ್ತದೆ. ಇದರಲ್ಲಿ ಒಂದು ಮಾತ್ರ ತುಸು ಸವೆದಿತ್ತು. ಆಮೇಲೆ ಟೈಪ್ ಸಿ ತೂತಿನ ಒಳಗಿನ ನಾಲಗೆ ನೆಟ್ಟಗಿದೆಯಾ, ಹಸಿರು ಕಿಲುಬು ಹಿಡಿದಿದೆಯಾ ನೋಡಿದೆ. ನಮ್ಮ ಕರಾವಳಿಯ ಉಪ್ಪು ಗಾಳಿಯಲ್ಲಿ ಒಂದೆರಡು ಮಳೆಗಾಲ ಕಳೆದ ಸಾಮಾನಿಗೆ ಕಿಲುಬು ಹತ್ತುವುದು ಬೇಗ. ಮೇಲಂಚಿನ ಗಾಳಿಕಿಂಡಿಯಲ್ಲಿ ಗಲ್ಫಿನ ನುಣ್ಣನೆಯ ಧೂಳು ಕೂತಿರುವುದುಂಟು. ಫ್ಯಾನ್ ಕಿವಿಗೆ ಹಿಡಿದಾಗ ಕರಕರ ಎನ್ನಬಾರದು.

ಆನ್ ಮಾಡಿದ ಮೇಲೆ ನೇರ ಸಿಸ್ಟಂ ಸೆಟ್ಟಿಂಗ್ಸಿಗೆ ಹೋಗಿ, ಕಂಟ್ರೋಲರ್ಸ್ ಅಂಡ್ ಸೆನ್ಸರ್ಸ್ ವಿಭಾಗದಲ್ಲಿ ಸ್ಟಿಕ್ ಕ್ಯಾಲಿಬ್ರೇಶನ್ (ಸ್ಟಿಕ್ಕಿನ ಅಳತೆ ಸರಿಮಾಡುವ ಪುಟ) ತೆರೆದೆ. ಪರದೆಯಲ್ಲಿ ಒಂದು ವೃತ್ತ, ನಡುವೆ ಒಂದು ಗುರುತು. ಸ್ಟಿಕ್ಕನ್ನು ಸುತ್ತ ತಿರುಗಿಸಿದಾಗ ಗುರುತು ಅಂಚಿನವರೆಗೆ ಹೋಗಬೇಕು, ಬಿಟ್ಟಾಗ ನಡುವಿಗೆ ಬಂದು ನಿಲ್ಲಬೇಕು. ಎಡದ್ದು ಹಾಗೇ ನಿಂತಿತು. ಬಲದ್ದನ್ನು ಮೇಲಕ್ಕೆ ಒತ್ತಿ ಮೆಲ್ಲಗೆ ಬಿಟ್ಟರೆ ನಡುವಿಗಿಂತ ಕೂದಲೆಳೆಯಷ್ಟು ಮೇಲೆ ನಿಂತು ಸಣ್ಣಗೆ ನಡುಗುತ್ತಿತ್ತು. ಥಟ್ಟನೆ ಬಿಟ್ಟರೆ ಸರಿಯಾಗಿಯೇ ಬರುತ್ತಿತ್ತು. ಆದ್ದರಿಂದ ಪರೀಕ್ಷೆ ಮಾಡುವಾಗ ಮೆಲ್ಲಗೆ ಬಿಡಿ, ಎಂಟೂ ದಿಕ್ಕಿನಿಂದ ಬಿಡಿ. ಹುಡುಗನಿಗೂ ತೋರಿಸಿದೆ. ಅವನು ಒಪ್ಪಿಕೊಂಡ. ಬೆಲೆ ಇಳಿಸುವ ಮಾತು ಅಲ್ಲಿಂದಲೇ ಸುರುವಾಯಿತು.

ಸ್ವಿಚ್ಚಿನಲ್ಲಿ ಬ್ಯಾಟರಿಯ ಆರೋಗ್ಯ ತೋರಿಸುವ ಪುಟ ಇಲ್ಲ. ಅದಕ್ಕೆ ಲೆಕ್ಕ ಹಾಕಿಯೇ ತಿಳಿಯಬೇಕು. ಕಂಪನಿ ಹೇಳುವ ಅವಧಿ 3ರಿಂದ 7 ಗಂಟೆ. ಭಾರಿ ಗೇಮಿಗೆ 3 ಗಂಟೆ ಎಂದಿಟ್ಟುಕೊಂಡರೆ 20 ನಿಮಿಷಕ್ಕೆ ಸುಮಾರು ಶೇ. 11 ಇಳಿಯುತ್ತದೆ. ಪರದೆಯ ಬೆಳಕು ಪೂರ್ತಿ ಏರಿಸಿ, ಗೆಳೆಯನಿಂದ ಎರವಲು ತಂದ ಗೇಮ್ ಕಾರ್ಡ್ ಹಾಕಿ 20 ನಿಮಿಷ ಆಡಿದೆ. ಶೇ. 12 ಇಳಿಯಿತು. 15 ದಾಟಿದ್ದರೆ ಬ್ಯಾಟರಿಯ ಖರ್ಚನ್ನೂ ಬೆಲೆಯಿಂದ ಕಳೆಯಲು ಹೇಳುತ್ತಿದ್ದೆ. ನಡುವೆ ಒಮ್ಮೆಲೇ 40ರಿಂದ 20ಕ್ಕೆ ಜಿಗಿಯುವುದಾದರೆ ಅಂಥದ್ದನ್ನು ಮುಟ್ಟಲೇಬಾರದು.

ಪರದೆಗೆ ಬಿಳಿ ಥೀಮ್, ಕಪ್ಪು ಥೀಮ್ ಎರಡನ್ನೂ ಹಾಕಿ ಚುಕ್ಕೆ ಹುಡುಕಿದೆ. ಹೆಡ್‌ಫೋನ್, ಸ್ಪೀಕರ್, ಬಟನ್‌ಗಳು ಸರಿಯಿದ್ದವು. ಇನ್ನೊಂದನ್ನು ಮರೆಯಬಾರದು: ವೈಫೈ ಜೋಡಿಸಿ ನನ್ನ ಅಕೌಂಟಿನಲ್ಲಿ ಇ-ಶಾಪ್ ಎಂಬ ನಿಂಟೆಂಡೊದ ಆನ್‌ಲೈನ್ ಗೇಮ್ ಅಂಗಡಿ ತೆರೆದೆ. 2124-4007 ಎಂಬ ಎರರ್ ಬಂದರೆ ಆ ಕನ್ಸೋಲ್ ನಿಷೇಧಕ್ಕೆ ಒಳಗಾಗಿದೆ ಎಂದರ್ಥ, ಯಾವ ರಿಪೇರಿಯವರೂ ಅದನ್ನು ಬಿಡಿಸಲಾರರು. ಹಳೆಯ ಮಾಲಕರ ಅಕೌಂಟು, ಪೇರೆಂಟಲ್ ಕಂಟ್ರೋಲ್ ಪಿನ್ ಎರಡನ್ನೂ ಹುಡುಗನ ಕೈಯಲ್ಲೇ ತೆಗೆಸಿ, ನನ್ನ ಎದುರೇ ಇನಿಶಿಯಲೈಸ್ ಮಾಡಿಸಿದೆ, ಅಂದರೆ ಎಲ್ಲ ಅಳಿಸಿ ಹೊಸದರಂತೆ ಮಾಡಿಸಿದೆ.

ಹೇಳಿದ್ದು 10,500. ಬಲದ ಸ್ಟಿಕ್ಕಿನ ಲೆಕ್ಕದಲ್ಲಿ 9,300ಕ್ಕೆ ಇಳಿಯಿತು. ತಿಂಗಳ ಗ್ಯಾರಂಟಿಯನ್ನು ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಸಮೇತ ಬರೆಸಿಕೊಂಡೆ. ಬಾಯಿಮಾತಿನ ಗ್ಯಾರಂಟಿಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಚಾರ್ಜರ್ ಗಲ್ಫಿನದ್ದೇ, ಮೂರು ಚಪ್ಪಟೆ ಪಿನ್ನಿನದ್ದು. ಅಡಾಪ್ಟರ್ 100ರಿಂದ 240 ವೋಲ್ಟಿನವರೆಗೂ ನಡೆಯುತ್ತದೆ, ಬೇಕಾದದ್ದು ಪಿನ್ ಬದಲಿಸುವ ಕನ್ವರ್ಟರ್ ಮಾತ್ರ.

ಬಲದ ಸ್ಟಿಕ್ಕಿಗೆ ಹಾಲ್ ಎಫೆಕ್ಟ್ ನಮೂನೆಯದನ್ನು ತರಿಸಿದೆ. ಮೂಲ ಸ್ಟಿಕ್ಕಿನಲ್ಲಿ ಕಾರ್ಬನ್ ಪಟ್ಟಿಯ ಮೇಲೆ ಲೋಹದ ಕಡ್ಡಿ ಉಜ್ಜುತ್ತದೆ, ಉಜ್ಜಿ ಉಜ್ಜಿ ಪಟ್ಟಿ ಸವೆದಾಗ ಕೈಬಿಟ್ಟ ಜಾಗವನ್ನೂ ಯಂತ್ರ ಚಲನೆಯೆಂದೇ ಓದುತ್ತದೆ. ಹಾಲ್ ಎಫೆಕ್ಟಿನಲ್ಲಿ ಅಯಸ್ಕಾಂತ ಎಲ್ಲಿದೆಯೆಂದು ಸೆನ್ಸರ್ ದೂರದಿಂದಲೇ ಅಳೆಯುವುದರಿಂದ ಆ ಸವೆತದ ಪ್ರಶ್ನೆ ಇಲ್ಲ. ಕುಂಬಳೆಯಲ್ಲಿ ನನ್ನ ಮೊಬೈಲ್ ಸದಾ ರಿಪೇರಿ ಮಾಡುವವರೊಬ್ಬರಿದ್ದಾರೆ. ಸ್ವಿಚ್ ಅವರು ಬಿಚ್ಚಿದ್ದು ಅದೇ ಮೊದಲು. ಆದರೆ ಫೋನಿನ ಸಣ್ಣ ರಿಬ್ಬನ್ ಕೇಬಲ್‌ಗಳಲ್ಲಿ ಪಳಗಿದ ಕೈ. "ಮೊದಲು ಬ್ಯಾಟರಿಯ ಕನೆಕ್ಟರ್ ತೆಗಿಬೇಕು ಮಾರಾಯ್ರೆ, ಆಮೇಲೆ ಉಳಿದದ್ದು" ಎಂದು ಅವರೇ ಹೇಳಿದಾಗ ನನಗೆ ಧೈರ್ಯ ಬಂತು. ರಿಬ್ಬನ್ನಿನ ಕೂದಲಿನಂಥ ಬೀಗವನ್ನು ಪ್ಲಾಸ್ಟಿಕ್ ಕಡ್ಡಿಯಿಂದ ಎತ್ತಿ, ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿ, ಮತ್ತೆ ಕ್ಯಾಲಿಬ್ರೇಶನ್ ಪುಟ ತೆರೆದರು. ಗುರುತು ನಟ್ಟನಡುವೆ ನಿಂತಿತು.

ಒಳಗಿನ 32 ಜಿಬಿ ಜಾಗ ಸಾಲದು, 128 ಜಿಬಿಯ ಮೆಮೊರಿ ಕಾರ್ಡ್ ಹಾಕಿದ್ದೇನೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಅದಕ್ಕೆ ಜೂನ್ ಬಂದಾಗ ಕನ್ಸೋಲನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುತ್ತೇನೆ.

ಗೇಮ್‌ಗಳನ್ನು ಆದಷ್ಟು ಗೇಮ್ ಕಾರ್ಡ್ ರೂಪದಲ್ಲೇ, ಅದೂ ಸೆಕೆಂಡ್ ಹ್ಯಾಂಡ್ ಕೊಳ್ಳುತ್ತೇನೆ. ಸ್ವಿಚ್ಚಿನ ಕಾರ್ಡಿಗೆ ದೇಶದ ಬೀಗವಿಲ್ಲ, ದುಬೈಯಲ್ಲಿ ಕೊಂಡದ್ದೂ ಇಲ್ಲಿ ಓಡುತ್ತದೆ. 1,800ಕ್ಕೆ ಕೊಂಡದ್ದನ್ನು ಆಡಿ ಮುಗಿಸಿ 1,600ಕ್ಕೆ ಕೊಟ್ಟದ್ದಿದೆ. ಡೌನ್‌ಲೋಡ್ ಮಾಡಿಕೊಂಡದ್ದನ್ನು ಹಾಗೆ ಮಾರಲು ಬರುವುದಿಲ್ಲ. ಈಗ ಉಪ್ಪಳ, ನೀರ್ಚಾಲು, ಪೆರ್ಲದ ಕೆಲವರು ಸೇರಿ ಕಾರ್ಡ್‌ಗಳನ್ನು ಸರದಿಯಲ್ಲಿ ಬದಲಾಯಿಸಿಕೊಳ್ಳುತ್ತೇವೆ, ಹೊಸ ಗೇಮಿಗೆ ದುಡ್ಡು ಹಾಕುವುದು ಅಪರೂಪವಾಗಿದೆ.